ಕಿಟಕಿ ಪಕ್ಕದ ವಿಷದ ಮೀನು

ಟೈಲರಮ್ಮನ ಯಜಮಾನರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವರು ಬಿಟ್ಟುಹೋದದ್ದು ಎರಡು ಜೊತೆ ಚಪ್ಪಲಿ, ಒಂದು ಕನ್ನಡಕ, ಒಂದು ವಿಷದ ಮೀನು. ಚಪ್ಪಲಿ, ಕನ್ನಡಕ ತಮ್ಮ ಪಾಡಿಗೆ ತಾವಿದ್ದವು. ಮೀನಿಗೆ ಮಾತ್ರ ಹೊಟ್ಟೆ ಇತ್ತು.

ಸಿಂಹಮೀನು ಅಂತ ಅದರ ಹೆಸರು. ಅಂಗೈಯಗಲ. ಮೈತುಂಬ ಕೆಂಪು ಬಿಳಿ ಪಟ್ಟೆ, ಬೆನ್ನ ಮೇಲೆ ಮುಳ್ಳಿನ ಸಾಲು. ಒಂದು ಮುಳ್ಳು ಚುಚ್ಚಿದರೂ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಗಂಟೆಗಟ್ಟಲೆ ಅಳಬೇಕಂತೆ. ಟೈಲರ್ ಮನೆಯಲ್ಲಿ ಚುಚ್ಚುವ ಸಾಮಾನಿಗೆ ಬರಗಾಲ ಬಂದಿತ್ತೇ? (ಕೇಳೋಣವೆಂದರೆ ತಂದ ಆಸಾಮಿಯೇ ಇಲ್ಲ.)

ಸಾವಿಗೆ ಬಂದವರೆಲ್ಲ ಮೊದಲು ಹೋಗಿ ನಿಂತದ್ದು ಗಾಜಿನ ತೊಟ್ಟಿಯ ಮುಂದೆ.

"ಇದೇನಾ ಚುಚ್ಚಿದ್ದು?"

"ಅಲ್ಲ. ಹಾರ್ಟು," ಅಂತ ಅವಳು ನಲವತ್ತು ಸಲ ಹೇಳಿದಳು. ಕೆಲವರಿಗೆ ಬೇಜಾರೇ ಆಯಿತು.

ಮನೆಗೆ ಇದ್ದದ್ದು ಒಂದೇ ದೊಡ್ಡ ಕಿಟಕಿ. ಅದರ ಪಕ್ಕ ತೊಟ್ಟಿ. ಹೊಲಿಗೆ ಮೆಷಿನ್ನು ಅಡುಗೆಮನೆ ಬಾಗಿಲ ಮೂಲೆಯಲ್ಲಿ, ಮಂಕು ಬಲ್ಬಿನ ಕೆಳಗೆ. ಯಜಮಾನರಿದ್ದಾಗ ಸೂಜಿಗೆ ದಾರ ಅವರೇ ಪೋಣಿಸಿ ಕೊಡುತ್ತಿದ್ದರು. ಈಗ ಆ ಮೂಲೆಯಲ್ಲಿ ಅವಳ ಕಣ್ಣಿಗೆ ಸೂಜಿಯೇ ಕಾಣದು. ಮೊನ್ನೆ ಗುಮಾಸ್ತರೊಬ್ಬರ ಕಪ್ಪು ಪ್ಯಾಂಟಿಗೆ ಹಸಿರು ದಾರ ಹಾಕಿ ಹೊಲಿದಿದ್ದಳು. ಅವರು ಆಫೀಸಿನಲ್ಲಿ ಇಡೀ ದಿನ ಕುರ್ಚಿ ಬಿಟ್ಟು ಎದ್ದಿರಲಿಲ್ಲವಂತೆ. ಇನ್ನೆರಡು ಪ್ಯಾಂಟು ಹೀಗಾದರೆ ಬೀದಿಯವರು ಬೇರೆ ಟೈಲರನ್ನು ಹುಡುಕುತ್ತಾರೆ. ಕಿಟಕಿ ಬೇಕೇಬೇಕು. ಮೀನು ಹೋಗಲೇಬೇಕು.

ಸುದ್ದಿ ಕೇಳಿ ನಾದಿನಿ ಓಡಿ ಬಂದಳು.

"ಅತ್ತಿಗೆ, ಅಣ್ಣ ಪ್ರಾಣ ಇಟ್ಕೊಂಡಿದ್ದ ಮೀನು ಅದು. ಕೊಟ್ಬಿಡೋಕೆ ಮನಸ್ಸಾದ್ರೂ ಹೇಗೆ ಬರುತ್ತೆ ನಿಮಗೆ?"

"ಹಾಗಾದ್ರೆ ನೀನೇ ತಗೊಂಡ್ಹೋಗು."

"ನಮ್ಮನೇಲಿ ಜಾಗ ಎಲ್ಲಿದೆ ಅತ್ತಿಗೆ?"

"ಪ್ರೀತಿ ನಿನ್ನದು, ಜಾಗ ನನ್ನದಾ?"

ನಾದಿನಿ ಕಣ್ಣೊರೆಸಿಕೊಂಡು, ಕಾಫಿ ಕುಡಿದು, ಹೊಲಿಯಲು ತಂದಿದ್ದ ಲಂಗ ಕೊಟ್ಟು ಹೋದಳು.

ಟೈಲರಮ್ಮ ಮೀನು ಮಾರಿದ್ದ ಅಂಗಡಿಗೇ ಹೋದಳು. ಅಂಗಡಿಯವನು ತಲೆ ಕೆರೆದುಕೊಂಡ.

"ನಿಮ್ಮ ಯಜಮಾನ್ರು ಅದಕ್ಕೆ ಜೀವಂತ ಮೀನುಮರಿ ತಿನ್ನಿಸಿ ಅಭ್ಯಾಸ ಕೆಡಿಸಿದ್ದಾರೆ ಅಮ್ಮಾ. ಅಂಥದ್ದನ್ನ ಯಾರೂ ತಗೊಳ್ಳಲ್ಲ. ಸತ್ತ ಸಿಗಡಿ ತಿನ್ನೋದು ಕಲಿಸಿ. ಆಮೇಲೆ ನಾನೇ ಬಂದು ನೋಡ್ತೀನಿ."

"ಕಲಿಸೋದಾ? ಹೇಗೆ?"

"ಸತ್ತದ್ದು ಬದುಕಿದೆ ಅಂತ ಅದಕ್ಕೆ ಅನ್ನಿಸ್ಬೇಕು, ಅಷ್ಟೇ."

ಅಷ್ಟೇ ಅಂತೆ. ಅವಳಿಗೆ ಅಷ್ಟು ಗೊತ್ತಿದ್ದಿದ್ದರೆ ನಾಲ್ಕು ತಿಂಗಳ ಹಿಂದೆಯೇ ಮಾಡುತ್ತಿದ್ದಳು.

ಆದರೂ ಶುರುಮಾಡಿದಳು. ಸಿಗಡಿಗೆ ದಾರ ಕಟ್ಟಿ, ದಾರವನ್ನು ಉದ್ದನೆಯ ಅಳತೆ ಕೋಲಿಗೆ ಬಿಗಿದು, ನೀರಿನಲ್ಲಿ ಕುಣಿಸಿದಳು. ಮೀನು ಮುಖ ತಿರುಗಿಸಿಕೊಂಡಿತು. ಎರಡನೇ ದಿನವೂ ಅದೇ. ಹತ್ತನೇ ದಿನವೂ ಅದೇ. ಕೈ ಸೋತುಹೋಯಿತು. ಹನ್ನೆರಡನೇ ದಿನ ಅವಳ ಸಹನೆಯ ಕಟ್ಟೆ ಒಡೆಯಿತು.

"ಹಾಕಿದ್ದು ತಿನ್ನೋಕೆ ಏನು ರೋಗ ನಿಂಗೆ? ಬಿಸಿ ಇದ್ದಾಗ ಬರಲ್ಲ, ಆರಿದ ಮೇಲೆ ಕೊಂಕು! ನಾನೇನು ಇಡೀ ದಿನ ತಟ್ಟೆ ಹಿಡ್ಕೊಂಡು ನಿಂತಿರ್ಬೇಕಾ?"

ಇವು ಮೀನಿಗೆ ಆಡುವ ಮಾತುಗಳಲ್ಲ. ಮೂವತ್ತೊಂದು ವರ್ಷ ಊಟದ ಹೊತ್ತಿಗೆ ಇನ್ನೊಬ್ಬರಿಗೆ ಆಡಿದವು. ನಾಲ್ಕು ತಿಂಗಳಿಂದ ಆಡುವುದಕ್ಕೆ ಆಳು ಸಿಕ್ಕಿರಲಿಲ್ಲ. ಬೈಯುವ ರಭಸಕ್ಕೆ ಅವಳ ಕೈ ಅದುರಿತು, ಕೋಲು ಅದುರಿತು, ಸಿಗಡಿ ಗಾಬರಿಬಿದ್ದಂತೆ ಚಿಮ್ಮಿತು. ಮೀನು ತಿರುಗಿ ಗುಳುಂ ಎಂದು ನುಂಗಿತು.

ಅಂದಿನಿಂದ ಅದೇ ಪದ್ಧತಿ. ಸುಮ್ಮನೆ ಕೋಲು ಆಡಿಸಿದರೆ ಮೀನಿಗೆ ಬೇಡ. ಬೈದುಕೊಂಡು ಆಡಿಸಿದರೆ ಬೇಕು. ಬೆಳಿಗ್ಗೆ ಹತ್ತು ನಿಮಿಷ ಬೈದು ಮೆಷಿನ್ನಿಗೆ ಕೂತರೆ ಅವಳಿಗೂ ಮೈ ಹಗುರ.

ತಿಂಗಳಾದ ಮೇಲೆ ಹೇಳಿ ಕಳಿಸಿದಳು. ಅಂಗಡಿಯವನು ಮುಚ್ಚಳದ ದೊಡ್ಡ ಬಕೆಟ್ಟು ಹಿಡಿದು ಬಂದ. ಅವಳು ಕೋಲೆತ್ತಿ, ಗಂಟಲು ಸರಿಮಾಡಿಕೊಂಡು, ಬೈದು ತೋರಿಸಿದಳು. ಮೀನು ಒಂದಾದ ಮೇಲೊಂದು ಮೂರು ಸಿಗಡಿ ನುಂಗಿತು. ಅಂಗಡಿಯವನು ಕೈ ಮುಗಿಯುವುದೊಂದು ಬಾಕಿ.

"ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿದ್ದೀನಿ ಅಮ್ಮಾ. ಇಂಥ ಕೈ ನೋಡಿಲ್ಲ."

"ಕೈ ಹೊಗಳಿದ್ದು ಸಾಕು. ಹಿಡ್ಕೊಂಡು ಹೊರಡಪ್ಪ. ಮೆಷಿನ್ನು ಎಳ್ಕೋಬೇಕು."

ಅವನು ಬಕೆಟ್ಟಿನ ಮುಚ್ಚಳ ತೆಗೆದ. ಒಳಗೆ ಇನ್ನೂ ಮೂರು ಸಿಂಹಮೀನು.

"ಇವೂ ಸತ್ತದ್ದು ಮುಟ್ಟಲ್ಲ ಅಮ್ಮಾ. ಒಂದೇ ಒಂದು ತಿಂಗಳು."

"ಅಯ್ಯೋ ಪುಣ್ಯಾತ್ಮ! ಒಂದನ್ನ ಕಳ್ಸೋಕೆ ನಿನ್ನ ಕರೆಸಿದ್ದು! ಮೊದಲು ನಂದು ತಗೊಂಡ್ಹೋಗು."

"ಅದನ್ನ ಹೇಗೆ ಒಯ್ಯಲಿ? ಅದು ತಿನ್ನೋದು ನೋಡೇ ಇವು ಕಲೀಬೇಕು. ಅದು ಈಗ ಮೇಷ್ಟ್ರು."

ಬೇಡ ಅನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಮೂರನ್ನೂ ತೊಟ್ಟಿಗೆ ಬಿಟ್ಟಾಗಿತ್ತು. ಹೋಗುವಾಗ, ಕಣ್ಣಿಗೆ ಬೆಳಕು ಸಾಲದಿದ್ದರೆ ಇನ್ನೊಂದು ಬಲ್ಬು ಹಾಕಿಸಿಕೊಳ್ಳಿ ಅಂತ ಪುಕ್ಕಟೆ ಸಲಹೆಯನ್ನೂ ಕೊಟ್ಟ.

ಹೊಸ ಮೂರೂ ಗಾಜಿಗೆ ಬೆನ್ನು ಹಾಕಿ, ಮೂಗೆತ್ತಿಕೊಂಡು ನಿಂತವು. ಟೈಲರಮ್ಮ ಅವನ್ನು ಒಂದು ಗಳಿಗೆ ನೋಡಿದಳು. ನಿಟ್ಟುಸಿರು ಬಿಟ್ಟು ಇನ್ನೂ ಮೂರು ದಾರ ಕತ್ತರಿಸಿದಳು.

"ನಿಮಗೇನು ಬೇರೆ ಕಾಗದ ಬರೆದು ಕರೀಬೇಕಾ? ಬನ್ನಿ, ತಿನ್ನಿ!"