ಬಿಳಿ ಟೋಪಿಯ ಸೂಲಗಿತ್ತಿ

ಹೆರಿಗೆಯ ಹೊತ್ತಿನಲ್ಲಿ ಬಸುರಿಗೆ ಹೇಳುವ ಮಾತೊಂದಿದೆ. ಮು... ಅಲ್ಲ, ತಿ... ಊಹೂಂ. ನಾಲಿಗೆಯ ತುದಿಯಲ್ಲೇ ಇದೆ, ಹೊರಗೆ ಬರುತ್ತಿಲ್ಲ. ಇಂಗ್ಲೆಂಡಿನ ಶೆಫೀಲ್ಡಿನ ಆಸ್ಪತ್ರೆಯಲ್ಲಿ ಮಿಡ್‌ವೈಫ್ ಆಗಿ ಜೀವಮಾನವಿಡೀ 'ಪುಶ್, ಪುಶ್' ಎಂದೇ ಕೂಗಿದವಳು ನಾನು. ಚಿತ್ರದುರ್ಗದ ನಮ್ಮಜ್ಜಿಯ ಮಾತು ಅದರಡಿ ಎಲ್ಲೋ ಹೂತುಹೋಗಿರಬೇಕು. ಇರಲಿ, ಕತೆ ಮುಗಿಯುವುದರೊಳಗೆ ಬಂದರೂ ಬಂದೀತು.

ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾರದೆ ಒಂದು ಗುಂಪು ಸೇರಿದೆ. ನಾವು ನಾಲ್ಕೈದು ಮುದುಕಿಯರು, ಮೊದಮೊದಲ ಕಾಲದ ಅಮೆರಿಕದ ಹೆಂಗಸರ ವೇಷ ಹಾಕಿ, ಲೈಬ್ರರಿ, ಶಾಲೆಗಳಲ್ಲಿ ಅವರ ಬದುಕನ್ನು ಆಡಿ ತೋರಿಸುತ್ತೇವೆ. ಇಲ್ಲಿಂದ ಹಡಗು ಹತ್ತಿ ಹೋಗಿ, ಅಲ್ಲಿ ನೂಲು ತೆಗೆದು, ಸೋಪು ಕಾಯಿಸಿ, ಮಕ್ಕಳನ್ನು ಹೆತ್ತವರು ಅವರು. ಚರಿತ್ರೆಯ ಪುಸ್ತಕದಲ್ಲಿ ಬರೀ ಗಂಡಸರೇ. ಇವರನ್ನೂ ಯಾರಾದರೂ ನೆನೆಯಬೇಕಲ್ಲ! ನನ್ನದು ಸೂಲಗಿತ್ತಿಯ ಪಾತ್ರ. ಸೀರೆ ಬಿಟ್ಟು ಉದ್ದ ಲಂಗ, ಏಪ್ರನ್, ನೆರಿಗೆಯ ಬಿಳಿ ಟೋಪಿ ಹಾಕಿಕೊಂಡ ದಿನದಿಂದ ಏನಾದರೊಂದು ಆಗುತ್ತಲೇ ಇದೆ. ಎಲ್ಲರೂ ನಗುತ್ತಾರೆ, ಹೈಸ್ಕೂಲಿಗೆ ಹೋಗುವ ನನ್ನ ಮೊಮ್ಮಗಳನ್ನು ಬಿಟ್ಟು. ಅವಳಿಗೆ ಅಜ್ಜಿಯೆಂದರೆ ಪ್ರಾಣ, ಅಜ್ಜಿಯ ಟೋಪಿಯೆಂದರೆ ಪ್ರಾಣಸಂಕಟ.

ಬಸ್ಸಿನಲ್ಲಿ

ಒಂದು ಶನಿವಾರ ಬ್ರೂಮ್‌ಹಿಲ್‌ನಲ್ಲಿ ವೇಷದಲ್ಲೇ ಬಸ್ಸು ಹತ್ತಿದೆ. ಜೊತೆಗಿದ್ದ ಮೊಮ್ಮಗಳು ನೇರ ಹಿಂದಿನ ಸೀಟಿಗೆ ಹೋಗಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡಳು. ನನ್ನ ಪಕ್ಕ ಈ ಊರಿನ ಹಿರಿಯರೊಬ್ಬರು ಕೂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ತುಂಬಾ ಚೆನ್ನಾಗಿದೆ ಲವ್, ನಿಮ್ಮ ದೇಶದ ಉಡುಪು. ಇಷ್ಟು ದೂರ ಬಂದರೂ ಪದ್ಧತಿ ಬಿಟ್ಟಿಲ್ಲ ನೋಡಿ!" ಎಂದರು. ಇಲ್ಲಿಯವರ ಬಾಯಲ್ಲಿ 'ಲವ್' ಎಂದರೆ ನಮ್ಮ 'ಅಮ್ಮಾ' ಎಂದ ಹಾಗೆ.

"ಇದು ನಮ್ಮದಲ್ಲ ಯಜಮಾನರೇ, ನಿಮ್ಮದೇ. ನಿಮ್ಮ ಮುತ್ತಜ್ಜಿಯ ಮುತ್ತಜ್ಜಿ ಹೀಗೇ ಉಡುತ್ತಿದ್ದಳು."

ಅವರು ಎರಡು ಸ್ಟಾಪಿನವರೆಗೂ ಯೋಚಿಸಿದರು. ಇಳಿಯುವಾಗ ಕೇಳಿದರು:

"ಹಾಗಾದರೆ ಅವಳೂ ಇಂಡಿಯಾದವಳೇನು?"

ಹೊಸ್ತಿಲು

ಲೈಬ್ರರಿಯ ಮೂಲೆಯಲ್ಲಿ ಆ ಕಾಲದ ಅಡುಗೆಮನೆ ಮಾಡಿದ್ದೆವು. ಹೊಸ್ತಿಲಿರಬೇಕಾದ ಕಡೆ ನೆಲಕ್ಕೊಂದು ಟೇಪು. ನಾನು ಅಭ್ಯಾಸಬಲದಿಂದ ಟೇಪಿನಾಚೆ ಶೂ ಬಿಟ್ಟು ಒಳಗೆ ಹೋದೆ. ನೋಡಲು ಬಂದಿದ್ದ ಪುಟ್ಟ ಮಕ್ಕಳೂ ಬಿಟ್ಟರು. ಅವರ ಟೀಚರೂ ಬಿಟ್ಟರು.

ನಮ್ಮ ಗುಂಪಿನ ಲೀಡರ್ ನಿವೃತ್ತ ಇತಿಹಾಸದ ಟೀಚರ್. ಕಿವಿಯ ಹತ್ತಿರ ಬಂದು, "ಶೂ ಹಾಕಿಕೊಳ್ಳಿ! ಆ ಕಾಲದವರು ಬಿಡುತ್ತಿರಲಿಲ್ಲ!" ಎಂದು ಪಿಸುಗುಟ್ಟಿದರು.

"ಅಯ್ಯೋ, ಅಡುಗೆಮನೆಗೆ ಹಾಕಿಕೊಂಡು ಹೋಗುವುದು ಹೇಗ್ರೀ?"

ಮುಂದಿನ ವಾರ ಮಕ್ಕಳು ಬರೆದ ಚಿತ್ರಗಳು ಬಂದವು. ಒಂದೊಂದರಲ್ಲೂ ಅಮೆರಿಕದ ಹೆಂಗಸರು ಬರಿಗಾಲಲ್ಲಿ, ಬಾಗಿಲಾಚೆ ಶೂಗಳ ಸಾಲು. ಇತಿಹಾಸ ತಿದ್ದಲು ಲೀಡರ್ ಆ ಶಾಲೆಗೆ ಇನ್ನೊಮ್ಮೆ ಹೋಗಬೇಕಾಯಿತು. ಶೂ ಹಾಕಿಕೊಂಡು.

ಮೊಮ್ಮಗಳ ಶಾಲೆ

ಆಮೇಲೆ ಕರೆ ಬಂದದ್ದು ಮೊಮ್ಮಗಳ ಶಾಲೆಯಿಂದಲೇ.

"ಅಜ್ಜಿ, ಪ್ಲೀಸ್, ಡೋಂಟ್ ಕಮ್." ನಮ್ಮ ಕನ್ನಡವೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ.

"ನಾನು ಬರದಿದ್ರೆ ಹೆರಿಗೆ ಮಾಡಿಸೋರು ಯಾರೇ?"

"ದೆನ್ ಯೂ ಡೋಂಟ್ ನೋ ಮಿ. ಓಕೆ?"

ಒಪ್ಪಿದೆ. ಮನಸ್ಸಿಗೆ ಪಿಚ್ಚೆನಿಸಿತು, ಆದರೂ ಒಪ್ಪಿದೆ.

ಆ ದಿನ ಬಸುರಿಯ ವೇಷ ಹಾಕುವ ನಮ್ಮ ಮುದುಕಿಗೆ ಮಂಡಿನೋವು, ಬರಲಿಲ್ಲ. "ಟೀಚರುಗಳಲ್ಲಿ ಯಾರಾದರೂ ಬರುತ್ತೀರಾ?" ಎಂದರೆ ಎದ್ದು ಬಂದವರು ಆಟದ ಮೇಷ್ಟ್ರು. ಆರಡಿ ಆಳು, ಎದೆ ಮುಟ್ಟುವ ಗಡ್ಡ. ಹೊಟ್ಟೆಗೆ ದಿಂಬು ಕಟ್ಟಿ, ಟೋಪಿ ತೊಡಿಸಿ ಕೂರಿಸಿದೆವು. ಪುಣ್ಯಾತ್ಮ ಎಂಥ ಕಿರುಚಾಟ ಶುರುಮಾಡಿದರೆಂದರೆ, ನಾನು ಬಾಯಿಪಾಠ ಮಾಡಿದ್ದ ಹಳೇ ಇಂಗ್ಲಿಷ್ ಮಾತೆಲ್ಲ ಹಾರಿಹೋಯಿತು. ಹಾಲ್ ತುಂಬ ಮಕ್ಕಳು ನನ್ನ ಬಾಯನ್ನೇ ನೋಡುತ್ತಿದ್ದಾರೆ. ಮೂರನೆಯ ಸಾಲಿನಲ್ಲಿ ಮೊಮ್ಮಗಳು ತಲೆ ತಗ್ಗಿಸಿದ್ದಾಳೆ.

ಆಗ ಬಂತು ನೋಡಿ, ಓಣಿಗೆಲ್ಲ ಸೂಲಗಿತ್ತಿಯಾಗಿದ್ದ ನಮ್ಮಜ್ಜಿಯ ಆ ಮಾತು. ಗಟ್ಟಿಯಾಗಿ ಕೂಗಿಬಿಟ್ಟೆ. "ಇನ್ನೊಂಚೂರು, ನನ್ನವ್ವ, ಇನ್ನೊಂಚೂರು!" ಎಂದೂ ಸೇರಿಸಿದೆ.

ಮೇಷ್ಟ್ರು ಕಿರುಚುವುದನ್ನು ನಿಲ್ಲಿಸಿ, "ಏನು ಮಾಡಬೇಕು ನಾನು?" ಎಂದು ಕಣ್ಣುಬಿಟ್ಟರು.

"ಶಿ ಸೇಸ್ ಪುಶ್, ಸರ್!"

ಮೂರನೆಯ ಸಾಲು. ಎಲ್ಲರೂ ತಿರುಗಿದರು. "ನಿನಗೆ ಹೇಗೆ ಗೊತ್ತು?" ಎಂದರು ಅವಳ ಟೀಚರ್. ಅವಳು ನನ್ನ ಟೋಪಿಯನ್ನೊಮ್ಮೆ ನೋಡಿದಳು.

"ಬಿಕಾಸ್ ದಟ್ಸ್ ಮೈ ಅಜ್ಜಿ," ಎಂದವಳೇ ವೇದಿಕೆ ಹತ್ತಿದಳು.

ಆಮೇಲೆ ಕೇಳಬೇಕೆ? ಅವಳು ಹೇಳಿಕೊಟ್ಟಳು, ಇಡೀ ಹಾಲ್ ಅದೇ ಕನ್ನಡದ ಮಾತನ್ನು ಕೂಗಿತು, ಗಡ್ಡದ ಮೇಷ್ಟ್ರು ಬೆವರು ಸುರಿಸಿ ಗೊಂಬೆಯನ್ನು ಹೆತ್ತರು. "ಹೆಣ್ಣು ಮಗು!" ಎಂದು ಎತ್ತಿ ಹಿಡಿದಳು ಮೊಮ್ಮಗಳು. ಕನ್ನಡದಲ್ಲಿ!

ಈಗ ಬಸ್ಸಿನಲ್ಲಿ ನನ್ನ ಪಕ್ಕವೇ ಕೂರುತ್ತಾಳೆ, ಟೋಪಿ ಅವಳ ತಲೆಯ ಮೇಲೆ. ಆ ಶಾಲೆಯ ಮೈದಾನದಲ್ಲಿ ಹಗ್ಗಜಗ್ಗಾಟವಾದರೆ ಮಕ್ಕಳು ಕೂಗುವುದು ಅದೇ ಮಾತಂತೆ. ಕೇಳಿದ ಕೂಡಲೇ ಮೇಷ್ಟ್ರು ಹೊಟ್ಟೆ ಹಿಡಿದುಕೊಳ್ಳುತ್ತಾರಂತೆ. ಎಲ್ಲರಿಗೂ ನೆನಪಿದೆ, ನನಗೊಬ್ಬಳಿಗೆ ಇಲ್ಲ.

"ಏನೇ ಪುಟ್ಟಿ ಅದು, ಆವತ್ತು ಮೇಷ್ಟ್ರಿಗೆ ನಾನು ಹೇಳಿದ್ದು?"

"ತಿಣುಕು, ಅಜ್ಜಿ! ತಿಣುಕು!"

"ಹಾಂ, ಅದೇ! ಬಾ ಇಲ್ಲಿ, ಮತ್ತೆ ಮರೆಯೋದಕ್ಕೆ ಮುಂಚೆ ನೀನೇ ಬರೆದಿಡು."