ಸಕುಟುಂಬ ಸಮೇತಕ್ಕೆ ವಿಳಾಸವಿಲ್ಲ

ಕೇಳಿಸಿದರೂ ಕೇಳಿಸದ ಹಾಗೆ ಕೂರುವುದರಲ್ಲಿ ನಮ್ಮ ಸೋದರಮಾವ ಇಡೀ ಹುಣಸೂರು ತಾಲ್ಲೂಕಿಗೇ ಮೊದಲಿಗರು. ಕಿವುಡು ಅಂದುಕೊಂಡಿರಾ? ಸಮುದ್ರದಾಚೆಯವರು ಕೆಮ್ಮಿದರೂ ಅವರಿಗೆ ಕೇಳುತ್ತಿತ್ತು! ಅವರದು ಹ್ಯಾಮ್ ಎಂಬ ಹವ್ಯಾಸಿ ರೇಡಿಯೋ. ಹಗಲೆಲ್ಲ ಕಚೇರಿಯ ಗುಮಾಸ್ತಿಕೆ. ಸಂಜೆ ಆರೂವರೆಯಾಯಿತೆಂದರೆ ತಾವೇ ಬೆಸುಗೆ ಹಾಕಿ ಕಟ್ಟಿದ ಪೆಟ್ಟಿಗೆಯ ಮುಂದೆ ಕೂತು ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಮೂವರು ಗೆಳೆಯರೊಂದಿಗೆ ಮಾತು.

ಮಾತೆಂದರೆ ಬಾಯಿಗೆ ಬಂದದ್ದಲ್ಲ. ಮೊದಲು ಯಾರಿಗೆ, ಆಮೇಲೆ ಯಾರಿಂದ, ಕೊನೆಗೆ ವಿಷಯ. ಒಬ್ಬರಿಗೆಂದು ಹೇಳಿದ್ದಕ್ಕೆ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ‘ಎಲ್ಲರಿಗೂ’ ಎಂದು ಶುರುಮಾಡುವುದಂತೂ ಮಹಾಪರಾಧ!

ಈ ಶಿಸ್ತು ಗಾಳಿಯಲ್ಲೇ ಇದ್ದಿದ್ದರೆ ತೊಂದರೆಯಿರಲಿಲ್ಲ, ಅದು ಊಟದ ಮನೆಗೂ ಇಳಿಯಿತು. ನಾಲ್ಕು ಜನ ಕೂತಿರುವಾಗ ಅತ್ತೆ ಸಾರು ಬೇಕಾ ಎಂದರೆ ಮಾವ ಗೋಡೆ ನೋಡುತ್ತಿದ್ದರು. ಯಾರನ್ನು ಕೇಳಿದ್ದು? ವಿಳಾಸವೇ ಇಲ್ಲವಲ್ಲ! ಅತ್ತೆಯೇನು ಕಡಿಮೆಯೇ? ಒಂದು ದಿನ ಪಾತ್ರೆ ಎತ್ತಿಕೊಂಡು ಒಳಗೆ ನಡೆದರು. ಅಂದು ಮಾವ ಬರೀ ಮುದ್ದೆ ನುಂಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಷ್ಟನ್ನೆಲ್ಲ ನಗುತ್ತ ಸಹಿಸಿದ ಅತ್ತೆ ತಮ್ಮ ಹೊಸ ಮನೆಯ ಗೃಹಪ್ರವೇಶದಲ್ಲಿ ಮಾತ್ರ ಸಹಿಸಲಿಲ್ಲ. ಕರೆಯೋಲೆ ಹಂಚುವ ಕೆಲಸ ಮಾವನ ಪಾಲಿಗೆ ಬಂದಿತ್ತು. ಅದರಲ್ಲಿ ‘ಸಕುಟುಂಬ ಸಮೇತರಾಗಿ’ ಎಂದು ಅಚ್ಚಾಗಿತ್ತಲ್ಲ, ಮಾವ ಅಷ್ಟನ್ನೂ ಮಸಿಯಲ್ಲಿ ಹೊಡೆದುಹಾಕಿದರು. ಸಕುಟುಂಬ ಸಮೇತ ಎಂಬ ಹೆಸರಿನವರು ಯಾರೂ ಇಲ್ಲವಂತೆ!

ಅತ್ತೆಯ ತವರು ಹನಗೋಡು. ಇಪ್ಪತ್ತೆರಡು ಜನರ ಮನೆ. ಬಂದವರು ಓಲೆಯಲ್ಲಿ ಹೆಸರಿದ್ದ ಅತ್ತೆಯ ದೊಡ್ಡಣ್ಣ ಒಬ್ಬರೇ. ಉಳಿದವರಿಗೆ ಬರಬೇಡಿ ಎಂದಂತಾಗಿತ್ತು. ದೊಡ್ಡಣ್ಣ ಎರಡು ತುತ್ತು ಉಂಡು ಎದ್ದರು. ಅವರು ಹತ್ತಿದ ಬಸ್ಸಿಗೇ ಅತ್ತೆಯೂ ಹೊರಟುಬಿಟ್ಟರು.

ಒಂದು ತಿಂಗಳಾಯಿತು. ಅತ್ತೆ ಬರಲಿಲ್ಲ. ಹೋಗಿ ಕರೆಯಲು ಮಾವನಿಗೆ ಮುಖವಿಲ್ಲ. ಬರೆದ ಕಾಗದಕ್ಕೂ ಉತ್ತರವಿಲ್ಲ. ತಾವೇ ಮುದ್ದೆ ತಿರುವಲು ಹೋಗಿ ಕೈ ಸುಟ್ಟುಕೊಂಡರು. ಹೊಸ ಮನೆ ಹಾಗೇ ಖಾಲಿ ಉಳಿದೀತೇನೋ ಎಂದು ನಮಗೆಲ್ಲ ದಿಗಿಲು.

ಅಷ್ಟರಲ್ಲಿ ನಾನೊಮ್ಮೆ ಹನಗೋಡಿಗೆ ಹೋದೆ. ಸಂಜೆ ಆರೂವರೆಗೆ ಅತ್ತೆ ತವರಿನ ರೇಡಿಯೋ ಮುಂದೆ ಕೂತು, ಸಿನಿಮಾ ಹಾಡು ಬಿಟ್ಟು, ಶಾರ್ಟ್‌ವೇವಿನಲ್ಲಿ ಮುಳ್ಳು ತಿರುಗಿಸಿ ತಿರುಗಿಸಿ ಗಂಡನ ಮಾತು ಹಿಡಿಯುತ್ತಿದ್ದರು! ಬಂದವನೇ ಮಾವನಿಗೆ ಹೇಳಿದೆ. ಅವರು ಗೋಡೆ ನೋಡಿದರು. ಆಮೇಲೆ ನನ್ನ ಕೈಗೆ ಕಾಗದ ಕೊಟ್ಟು, ಆ ಮನೆಯವರ ಹೆಸರೆಲ್ಲ ಬರೆಸಿಕೊಂಡರು.

ಮಾರನೆಯ ಸಂಜೆ ನಾನು ಬೇಕೆಂದೇ ಹನಗೋಡಿನಲ್ಲಿದ್ದೆ. ಹವ್ಯಾಸಿ ರೇಡಿಯೋ ಲೈಸೆನ್ಸಿಲ್ಲದವರಿಗೆ ಸಂದೇಶ ಕಳಿಸುವುದು ಕಾನೂನಿಗೆ ವಿರುದ್ಧ. ಅದನ್ನು ಮಾವನೇ ನೂರು ಸಲ ಹೇಳಿದ್ದರು. ಆದರೂ ಗರಗರ ಸದ್ದಿನ ನಡುವೆ ಅವರ ದನಿ ಬಂತು.

“ಹನಗೋಡಿನ ದೊಡ್ಡಬಾವನೋರಿಗೆ, ದೊಡ್ಡಕ್ಕನೋರಿಗೆ...”

ಒಬ್ಬೊಬ್ಬರ ಹೆಸರೂ ಬಂತು. ಹೆಸರು ಬಂದವರೆಲ್ಲ ಕೆಲಸ ಬಿಟ್ಟು ರೇಡಿಯೋ ಹತ್ತಿರ ಬಂದು ನಿಂತರು. ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದ ಅತ್ತೆಯ ಚಿಕ್ಕಣ್ಣ ಚೆಂಬು ಹಿಡಿದೇ ಓಡಿಬಂದರು. ತೊಟ್ಟಿಲಲ್ಲಿದ್ದ, ಇನ್ನೂ ಹೆಸರಿಡದ ಕೂಸಿಗೂ ಒಂದು ವಿಳಾಸ ಸಿಕ್ಕಿತು. ಪಿರಿಯಾಪಟ್ಟಣ, ಕೋಟೆ, ಕೆ.ಆರ್. ನಗರ ಮೂರೂ ಕಡೆಯ ಗೆಳೆಯರು ತುಟಿ ಬಿಚ್ಚಲಿಲ್ಲ.

“ಕೊನೇದಾಗಿ, ನಮ್ಮನೆಯೋಳಿಗೆ,” ಎಂದರು ಮಾವ. ಅಷ್ಟೇ. ಮುಂದೆ ಬರೀ ಗರಗರ ಸದ್ದು.

ದೊಡ್ಡಣ್ಣ ರೇಡಿಯೋಗೆ ಕಿವಿಗೊಟ್ಟು ಕಾದರು. “ಬಾವ ಇನ್ನೂ ಇಷ್ಯಾನೇ ಏಳಿಲ್ವಲ್ಲವ್ವ.”

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

“ಏಳಾಯ್ತು ಬುಡಣ್ಣ. ಬೆಳಿಗ್ಗೆ ಬಸ್ಸು ಎಷ್ಟೊತ್ಗೆ?”