ಮೂವತ್ತೆಂಟಕ್ಕೆ ಎದ್ದ ಹೆಬ್ಬೆರಳು

2014ರ ಆಗಸ್ಟ್‌ನ ಒಂದು ಸೋಮವಾರ, ಗಂಗೊಳ್ಳಿಯ ನನ್ನ ಸೋದರಮಾವ ಆಸ್ಪತ್ರೆಯ ಕುರ್ಚಿಯಲ್ಲಿ ಕುಳಿತು ತಮ್ಮ ಮಿದುಳಿನ ವ್ಯಾಪಾರವನ್ನು ಮೂವತ್ತೆಂಟಕ್ಕೆ ಮುಗಿಸಿದರು.

ಮಾವ ಬಂದರಿನಲ್ಲಿ ಮೀನು ಕೊಳ್ಳುವವರು. ಏಲಂನಲ್ಲಿ ಉಳಿದವರು ಬೊಬ್ಬೆ ಹಾಕಿದರೆ ಇವರದು ಹೆಬ್ಬೆರಳು ಮಾತ್ರ. ಪಕ್ಕದವನಿಗೂ ಕಾಣದಷ್ಟು ಎತ್ತುತ್ತಾರೆ. ಏಲಂ ಕೂಗುವವನಿಗೆ ಅಷ್ಟು ಸಾಕು, ಬುಟ್ಟಿ ಇವರದು! ಬಂದರಿನ ಹೊರಗೂ ಅದೇ ಬೆರಳು. ಹೆಮ್ಮಾಡಿಯಲ್ಲಿ ಒಮ್ಮೆ ಕೊಲ್ಲೂರಿನ ಮೂರು ಬಸ್ಸು ಇವರನ್ನು ದಾಟಿಹೋದವು.

"ಮೂರಕ್ಕೂ ಬೆರಳ್ ಎತ್ತಿದ್ದೆ ಮಾರಾಯಾ, ಡ್ರೈವರಂಗೆ ಕಣ್ಣ್ ಕಾಣ್ತಿಲ್ಯಾ?"

ಆ ವರ್ಷ ಅವರಿಗೆ ಖಿನ್ನತೆ. ಎಂಟು ತಿಂಗಳಿಂದ ಬಂದರಿಗೆ ಹೋಗಿರಲಿಲ್ಲ. ಕೇಳಿದರೆ ಉತ್ತರ ಕೊಡುತ್ತಿದ್ದರು. ತಾವಾಗಿ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ, ಅತ್ತೆಯನ್ನು ಕೂಡ. ಗುಳಿಗೆಗಳು ಹಿಡಿಯಲಿಲ್ಲ. ಉಳಿದದ್ದು ತಲೆಗೆ ಕೊಡುವ ಆಯಸ್ಕಾಂತದ ಚಿಕಿತ್ಸೆ. ಅದಕ್ಕೆ ಮೊದಲು ಅಳತೆಯಾಗಬೇಕು. ತಲೆಯ ಮೇಲೆ ತಂತಿಯ ಸುರುಳಿ ಇಟ್ಟು, ಅದರ ಬಡಿತದ ಬಲವನ್ನು ಸ್ವಲ್ಪಸ್ವಲ್ಪವೇ ಏರಿಸಿ, ಹತ್ತು ಬಡಿತಕ್ಕೆ ಐದು ಸಲ ಹೆಬ್ಬೆರಳು ತಾನಾಗಿ ಹಾರುವ ಅಂಕಿಯನ್ನು ಹುಡುಕುತ್ತಾರೆ. ಚಿಕಿತ್ಸೆಯ ಬಲ ನಿಲ್ಲುವುದು ಆ ಅಂಕಿಯ ಮೇಲೆ. ಅದು ತಪ್ಪಿದರೆ ಮುಂದಿನದೆಲ್ಲ ವ್ಯರ್ಥ.

ಡಾಕ್ಟರಮ್ಮ ಅಂಕಿಗಳನ್ನು ಗಟ್ಟಿಯಾಗಿ ಹೇಳುತ್ತಾ ಹೋದರು. "ಮೂವತ್ತು… ಮೂವತ್ತೈದು… ಮೂವತ್ತೆಂಟು…" ಅಂಕಿ ಏರುತ್ತಿದ್ದರೆ ಮಾವ ಸುಮ್ಮನಿರುತ್ತಾರೆಯೇ? ಬೆರಳು ಎದ್ದಿತು! ಅದೇ ಬಲದಲ್ಲಿ ಮತ್ತೆ ಮತ್ತೆ ಬಡಿದರು. ಐದು ಸಲ ಎದ್ದಿತು. ಡಾಕ್ಟರಮ್ಮ ಬರೆದುಕೊಂಡರು.

"ಅದು ಮಿದುಳಲ್ಲ ಮೇಡಂ, ಮಾವ," ಎಂದೆ ಪಕ್ಕದಲ್ಲಿ ನಿಂತಿದ್ದ ನಾನು.

"ನೀವೇ ಎತ್ತಿದ್ರಾ?" ಡಾಕ್ಟರಮ್ಮ ಮಾವನನ್ನು ಕೇಳಿದರು.

"ಮತ್ತ್ಯಾರ್ ಎತ್ತುದ್? ನೀವ್ ಏರ್ಸ್ತಾ ಇದ್ರಿ. ಬಿಟ್ರೆ ಐವತ್ತಕ್ಕ್ ಹೋತಿತ್ತ್!"

"ಇಲ್ಲಿ ಕಡಿಮೆಗೆ ಮುಗಿಸಿದರೆ ನಷ್ಟ ನಿಮಗೇ. ಕೈ ಸಡಿಲ ಬಿಡಿ."

"ಬಿಡುಕ್ ಆತಿಲ್ಲ. ಮೂವತ್ತ್ ವರ್ಷದ್ ಬೆರಳ್."

"ಸರಿ, ನಾನು ಅಂಕಿ ಹೇಳುವುದೇ ಇಲ್ಲ."

ಪರದೆಯನ್ನೂ ಆಚೆ ತಿರುಗಿಸಿದರು. ಕೋಣೆಯಲ್ಲಿ ಯಂತ್ರದ ಟಕ್ ಟಕ್ ಸದ್ದು ಮಾತ್ರ. ಕೂಗು ಇಲ್ಲದ ಏಲಂನಲ್ಲಿ ಮಾವನಿಗೆ ಕೆಲಸವಿರಲಿಲ್ಲ. ಬಹಳ ಹೊತ್ತಿನ ಮೇಲೆ ಬೆರಳು ಹಾರಿತು. ಅವರು ಅದನ್ನು ಬೇರೆ ಯಾರದೋ ಎಂಬಂತೆ ನೋಡಿದರು.

"ಹ್ವಾಯ್, ಇದ್ ನಾನಲ್ಲ!"

ಅಂಕಿ ಐವತ್ತೆರಡು.

ಮರುದಿನ ಚಿಕಿತ್ಸೆ ಶುರುವಾಯಿತು. ಅತ್ತೆ ದಿನವೂ ಜೊತೆಗೆ ಬಂದು ವರಾಂಡದ ಬೆಂಚಿನಲ್ಲಿ ಕಾಯುತ್ತಿದ್ದರು. ಮೊದಲ ವಾರ ಏನೂ ಬದಲಾಗಲಿಲ್ಲ. ಎರಡನೆಯ ವಾರವೂ ಇಲ್ಲ. ಹದಿನೇಳನೆಯ ದಿನ ಮಾವ ಹೊರಬಂದು, ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಅತ್ತೆಯ ಕಡೆ ತಿರುಗಿದರು.

"ನೀ ಮಧ್ಯಾಹ್ನ ಉಂಡ್ಯಾ?"

ಅತ್ತೆ ಉಂಡಿರಲಿಲ್ಲ.